ಬೇಡ ಎನ್ನುವ ವೈದ್ಯರು ಬೇಕು

ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆಯನ್ನು 50ಕ್ಕಲ್ಲ, 45ಕ್ಕೇ ಶುರು ಮಾಡಿ ಎಂದು ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2021ರಲ್ಲಿ ಹೇಳಿದಾಗ ಸುದ್ದಿಯಾದದ್ದು ಅದೊಂದೇ. ಎಲ್ಲಿಗೆ ನಿಲ್ಲಿಸಬೇಕು ಎಂಬ ಹಳೆಯ ಜಗಳ ಬಗೆಹರಿಯದೆ ಹಾಗೇ ಉಳಿಯಿತು. 75ರವರೆಗೆ ಎಲ್ಲರಿಗೂ ತಪಾಸಣೆ, 76ರಿಂದ 85ರವರೆಗೆ ಆಯಾ ವ್ಯಕ್ತಿಯ ಆರೋಗ್ಯ ಮತ್ತು ಹಿಂದಿನ ತಪಾಸಣೆಗಳನ್ನು ನೋಡಿ ತೀರ್ಮಾನ ಎನ್ನುತ್ತದೆ ಆ ಶಿಫಾರಸು. ಮುದುಕರನ್ನು ಕೈಬಿಟ್ಟಿರಿ ಎಂಬ ಕೂಗು ಏಳುವುದು ಇಲ್ಲಿಯೇ. ಈ ಕ್ಯಾನ್ಸರ್ ಹೆಚ್ಚಾಗಿ ಕಾಡುವುದು ವಯಸ್ಸಾದವರನ್ನೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ತಪಾಸಣೆ ಹುಡುಕುವುದು ಇಂದು ಕಾಡುತ್ತಿರುವ ರೋಗವನ್ನಲ್ಲ. ಕರುಳಿನ ಒಳಗೋಡೆಯಲ್ಲಿ ಸುಮ್ಮನೆ ಕುಳಿತ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಹೆಚ್ಚಿನವು ಎಂದೂ ಆಗುವುದೇ ಇಲ್ಲ.

ಹಾಗಾಗಿ ಲೆಕ್ಕ ಹಾಕಬೇಕಾದದ್ದು ಕಳೆದ ವರ್ಷಗಳನ್ನಲ್ಲ, ಮುಂದಿರುವ ವರ್ಷಗಳನ್ನು. ಮಲದಲ್ಲಿ ರಕ್ತ ಹುಡುಕುವ ಪರೀಕ್ಷೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬಿಎಂಜೆ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಾವಿರ ಜನರನ್ನು ತಪಾಸಣೆ ಮಾಡಿ ಒಂದು ಸಾವು ತಪ್ಪಿಸಲು ಸುಮಾರು 10.3 ವರ್ಷ ಕಾಯಬೇಕು. ಅಮೆರಿಕ ಸರ್ಕಾರ ವೃದ್ಧರಿಗೆ ಕೊಡುವ ಮೆಡಿಕೇರ್ ವಿಮೆಯ ದಾಖಲೆಗಳನ್ನು ಆಧರಿಸಿ 2017ರಲ್ಲಿ ಬಂದ ಅಧ್ಯಯನ ಇನ್ನೂ ನೇರವಾಗಿ ಮಾತಾಡುತ್ತದೆ. 70ರಿಂದ 74ರ ವಯಸ್ಸಿನವರಲ್ಲಿ ಎಂಟು ವರ್ಷದೊಳಗೆ ಈ ಕ್ಯಾನ್ಸರ್ ಬರುವ ಸಂಭವ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿ ಮಾಡಿಸಿದರೆ ಶೇ 2.19, ಮಾಡಿಸದಿದ್ದರೆ ಶೇ 2.62. 75ರಿಂದ 79ರವರಲ್ಲಿ ಆ ಅಂಕಿಗಳು ಶೇ 2.84 ಮತ್ತು ಶೇ 2.97, ಅಂದರೆ ಅಂತರ ಕಿರಿದಾಗುತ್ತದೆ. ಲಾಭ ಕರಗುವ ಈ ವಯಸ್ಸಿನಲ್ಲೇ ಅಪಾಯ ಏರುತ್ತದೆ: ಪರೀಕ್ಷೆಯ ನಂತರದ ತಿಂಗಳಲ್ಲಿ ತೊಂದರೆಗೆ ಸಿಕ್ಕವರು, ಮಾಡಿಸದವರಿಗೆ ಹೋಲಿಸಿದರೆ, ಮೊದಲ ಗುಂಪಿನಲ್ಲಿ ಸಾವಿರಕ್ಕೆ 5.6 ಹೆಚ್ಚು, ಎರಡನೆಯದರಲ್ಲಿ 10.3 ಹೆಚ್ಚು.

ಆ ತೊಂದರೆ ಎಂದರೆ ಕರುಳು ತೂತಾಗುವುದು, ರಕ್ತಸ್ರಾವ ಇಷ್ಟೇ ಎಂದುಕೊಳ್ಳಬಾರದು. ಕ್ಯಾಮೆರಾ ಒಳಹೋಗುವ ಹಿಂದಿನ ದಿನವೇ ಕಷ್ಟ ಆರಂಭ. ಊಟ ಬಂದ್, ತಿಳಿ ಸಾರು, ಎಳನೀರು, ಹಾಲಿಲ್ಲದ ಚಹಾ. ಸಂಜೆಯಿಂದ ಲೀಟರುಗಟ್ಟಲೆ ಭೇದಿ ಔಷಧಿ. ಎಂಬತ್ತು ದಾಟಿದವರು ರಾತ್ರಿ ನಿದ್ದೆಗಣ್ಣಲ್ಲಿ ಹತ್ತಾರು ಸಲ ಬಚ್ಚಲಿಗೆ ಓಡಬೇಕು, ಒದ್ದೆ ನೆಲದಲ್ಲಿ. ಸಕ್ಕರೆ ಕಾಯಿಲೆಯ ಮಾತ್ರೆ ಏರುಪೇರು, ರಕ್ತ ತೆಳುವಾಗಿಸುವ ಮಾತ್ರೆಗೆ ತಾತ್ಕಾಲಿಕ ರಜೆ, ದೇಹದಲ್ಲಿ ನೀರು ಮತ್ತು ಲವಣಾಂಶದ ಕೊರತೆ. ಹೃದಯವೋ ಮೂತ್ರಪಿಂಡವೋ ಮೊದಲೇ ಸೋತಿದ್ದರೆ ಇದು ಸಣ್ಣ ಸಂಗತಿಯಲ್ಲ. ಹತ್ತು ವರ್ಷದ ನಂತರ ಬರಬಹುದಾದ ಲಾಭಕ್ಕೆ ಈ ರಾತ್ರಿಯೇ ಕೊಡುವ ಮುಂಗಡ ಇದು.

ಇಷ್ಟಾದರೂ ಪರೀಕ್ಷೆ ನಿಲ್ಲುವುದಿಲ್ಲ. ಮೊದಲ ಕೊಲೊನೋಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಹತ್ತು ವರ್ಷ ಮತ್ತೊಂದು ಬೇಡ ಎಂಬುದು ನಿಯಮ. ಆದರೂ 80 ದಾಟಿದ ಮೆಡಿಕೇರ್ ಫಲಾನುಭವಿಗಳಲ್ಲಿ ಮೂವರಿಗೊಬ್ಬರು ಏಳು ವರ್ಷದೊಳಗೆ ಮತ್ತೆ ಮಾಡಿಸಿಕೊಂಡಿದ್ದರು ಎಂದು 2011ರ ಅಧ್ಯಯನವೊಂದು ತೋರಿಸಿತು. ಪರೀಕ್ಷೆಗೊಂದು ಬಿಲ್ಲು ಇರುವ ವ್ಯವಸ್ಥೆಯಲ್ಲಿ ಚೀಟಿ ಬರೆಯಲು ಎರಡು ನಿಮಿಷ ಸಾಕು. ನಿಮಗಿದು ಇನ್ನು ಬೇಡ ಎಂದು ಕೂತು ವಿವರಿಸಲು ಅರ್ಧ ಗಂಟೆ ಬೇಕು, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನಿಮ್ಮ ಆಯಸ್ಸು ಅಷ್ಟಿಲ್ಲ ಎನ್ನಲು ಯಾವ ವೈದ್ಯರಿಗೂ ನಾಲಿಗೆ ಏಳುವುದಿಲ್ಲ, ನಿಜ. ಹಾಗೆನ್ನಬೇಕಾಗಿಯೂ ಇಲ್ಲ. ಈ ಪರೀಕ್ಷೆಯಿಂದ ನಿಮಗೆ ಒಳಿತಿಗಿಂತ ಕೆಡುಕೇ ಹೆಚ್ಚು, ಆ ಗಮನವನ್ನು ಬಿ.ಪಿ. ಕಡೆಗೆ, ಬೀಳದಂತೆ ನಡೆಯುವ ಕಡೆಗೆ ಕೊಡೋಣ ಎಂದರೆ ಸಾಕು.

ಇದು ವಯೋಭೇದವಲ್ಲವೇ? 75 ಎಂಬ ಅಂಕಿಯನ್ನೇ ಬಾಗಿಲಿಗೆ ಬೀಗವಾಗಿ ಹಾಕಿದರೆ ಹೌದು. ದಿನಾ ನಾಲ್ಕು ಮೈಲಿ ನಡೆಯುವ, ಬೇರೆ ಕಾಯಿಲೆಯಿಲ್ಲದ, ಒಮ್ಮೆಯೂ ತಪಾಸಣೆ ಮಾಡಿಸಿಕೊಳ್ಳದ 78ರ ಅಜ್ಜಿಗೆ ಬೇಡ ಎನ್ನುವುದು ತಪ್ಪು. ಇಂಥವರಿಗೆ 86ರವರೆಗೂ ತಪಾಸಣೆ ಪ್ರಯೋಜನಕರ ಎಂದು 2014ರ ಗಣಿತ ಮಾದರಿಯ ಅಧ್ಯಯನವೊಂದು ಲೆಕ್ಕ ಹಾಕಿದೆ. ಕೊನೆಯ ಎರಡು ವರ್ಷಗಳಿಗೆ ಅದು ಸೂಚಿಸಿದ್ದು ಕೊಲೊನೋಸ್ಕೋಪಿಯನ್ನಲ್ಲ, ಮನೆಯಲ್ಲೇ ಮಾದರಿ ತೆಗೆದುಕೊಡುವ ಫಿಟ್ ಎಂಬ ಮಲಪರೀಕ್ಷೆಯನ್ನು. ಆದರೆ 65ರಲ್ಲೂ 75ರಲ್ಲೂ ಶುದ್ಧ ವರದಿ ಪಡೆದು, ಈಗ ಹೃದಯ ವೈಫಲ್ಯದಿಂದ ಬಳಲುತ್ತಿರುವ 81ರ ಅಜ್ಜನಿಗೆ ಮತ್ತೆ ಅದೇ ಪರೀಕ್ಷೆ ಬರೆಯುವುದು ಗೌರವವಲ್ಲ. ಫಿಟ್ ಕೂಡ ನಿರಪಾಯವೆಂದು ಎಲ್ಲರಿಗೂ ಹಂಚುವಂಥದ್ದಲ್ಲ: ಫಲಿತಾಂಶ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ. ಅದಕ್ಕೆ ತಯಾರಿಲ್ಲದವರು ಇದನ್ನೂ ಮಾಡಿಸಬಾರದು.

ಅಮೆರಿಕದಲ್ಲಿರುವ ಮಕ್ಕಳು ಇಲ್ಲಿನ ತಂದೆತಾಯಿಗೆ ಫೋನಿನಲ್ಲೇ ಹೆಲ್ತ್ ಚೆಕಪ್ ಪ್ಯಾಕೇಜ್ ಕಟ್ಟಿಸುವ ಈ ಕಾಲದಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮೇಲಿನ ವಾದವೆಲ್ಲ ಯಾವ ಲಕ್ಷಣವೂ ಇಲ್ಲದವರಿಗೆ. ಭಾರತದಲ್ಲಿ ಈ ಕ್ಯಾನ್ಸರ್ ಅಮೆರಿಕದಷ್ಟು ಸಾಮಾನ್ಯವಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳು. ಇಲ್ಲಿನ ಸಮಸ್ಯೆ ಅತಿ ತಪಾಸಣೆಯದ್ದಲ್ಲ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಪಥ್ಯ, ಮುಲಾಮು ಮಾಡುವವರದು. ಕಾರಣ ತಿಳಿಯದ ರಕ್ತಹೀನತೆ, ಇಳಿಯುವ ತೂಕ, ಬದಲಾದ ಮಲವಿಸರ್ಜನೆ ಇದ್ದಲ್ಲಿ ನಡೆಯುವುದು ತಪಾಸಣೆಯಲ್ಲ, ರೋಗಪತ್ತೆ. ಅದಕ್ಕೆ 75ರ ಗೆರೆಯೂ ಇಲ್ಲ, 85ರದೂ ಇಲ್ಲ.