ಮೂರು ರಾತ್ರಿಯ ನಾಟಕ

ನಾನು ಹೈಸ್ಕೂಲಿನಲ್ಲಿದ್ದಾಗ ಹೊನ್ನಾಳಿಯಲ್ಲಿ ಮೊಕ್ಕಾಂ ಹೂಡಿದ್ದ ನಾಟಕ ಕಂಪನಿಯೊಂದು ತನ್ನ ಹೊಸ ನಾಟಕವನ್ನು ಮೂರೇ ರಾತ್ರಿಗೆ ನಿಲ್ಲಿಸಿತು. ಪತ್ರಿಕೆಯಲ್ಲಿ ಕಟುವಿಮರ್ಶೆ ಬಂದಿತ್ತು, ಗಲ್ಲಾಪೆಟ್ಟಿಗೆಯೂ ತುಂಬಿರಲಿಲ್ಲ. ನಾಲ್ಕನೆಯ ದಿನ ಬಂಡಿ ಕಟ್ಟಿಕೊಂಡು ಬಂದ ಹಳ್ಳಿಗರು ಹಳೆಯ ನಾಟಕದ ಬೋರ್ಡು ಕಂಡು, "ನಾವು ನೋಡೋಕೆ ಮುಂಚೆ ಚೆನ್ನಾಗಿಲ್ಲ ಅಂದೋರು ಯಾರು ಸ್ವಾಮಿ?" ಎಂದು ಮ್ಯಾನೇಜರನ್ನು ತರಾಟೆಗೆ ತೆಗೆದುಕೊಂಡರು.

ವಿಮರ್ಶೆ ಸುಳ್ಳಾಗಿರಲಿಲ್ಲ. ಎರಡನೆಯ ಅಂಕದಲ್ಲಿ ನಾನೂ ತೂಕಡಿಸಿದ್ದೆ! ಆದರೂ ಹಳ್ಳಿಗರ ಪ್ರಶ್ನೆಯೇ ನ್ಯಾಯವಾದುದೆಂದು ನನ್ನ ಅಭಿಪ್ರಾಯ. ಕಂಪನಿ ನಾಟಕವು ಅಚ್ಚಾದ ಪುಸ್ತಕವಲ್ಲ. ಆಡುತ್ತಾಡುತ್ತ, ಪ್ರೇಕ್ಷಕರ ಚಪ್ಪಾಳೆ-ಶಿಳ್ಳೆಗಳನ್ನು ಕೇಳುತ್ತ ಹದಗೊಳ್ಳುವಂಥದು. ದಾವಣಗೆರೆಯ ಚಿಂದೋಡಿ ಲೀಲಾ ಅವರ 'ಪೊಲೀಸನ ಮಗಳು' ಸಾವಿರಕ್ಕೂ ಮಿಕ್ಕಿ ಪ್ರಯೋಗಗಳನ್ನು ಕಂಡದ್ದು ಟಿಕೆಟ್ ಕೊಂಡ ಇಂಥವರಿಂದಲೇ. ಮೂರು ರಾತ್ರಿಯ ನಾಟಕಕ್ಕೆ ಆ ಅವಕಾಶವೆಲ್ಲಿ?

ಅಂದು ಹಳ್ಳಿಗರು ಗೊಣಗುತ್ತಲೇ ಹಳೆಯ ನಾಟಕ ನೋಡಿ, ಬೆಳಗಿನ ಜಾವ ಬಂಡಿ ಹೂಡಿದರು.