ಮನೆಯ ಚಿತ್ರಮಂದಿರಕ್ಕೆ ಎಂಥ ಡಿಸ್ಕ್ ಪ್ಲೇಯರು?

ಚಲನಚಿತ್ರವನ್ನು ನೋಡಬೇಕಾದರೆ ಮೈಸೂರಿಗೋ ಹುಣಸೂರಿಗೋ ಹೋಗಿಬರಬೇಕಾಗಿದ್ದ ಕಾಲ ನಮ್ಮ ಬಿಳಿಕೆರೆಯ ಸುತ್ತಿನ ಹಳ್ಳಿಗಳಿಗೆ ಎಂದೋ ಹಿಂದಾಯಿತು. ನಡುಮನೆಯ ಗೋಡೆಯ ಮೇಲೆ ಅಗಲವಾದ ಟೆಲಿವಿಷನ್ನು, ಅದರ ಇಕ್ಕೆಲಗಳಲ್ಲಿಯೂ ಹಿಂಬದಿಯಲ್ಲಿಯೂ ಧ್ವನಿಪೆಟ್ಟಿಗೆಗಳು ಬಂದು ಕುಳಿತಿರುವ ಮನೆಗಳು ಇಂದು ಇಲ್ಲಿಯೂ ಕಾಣಬರುತ್ತವೆ. ಭೌತಶಾಸ್ತ್ರದ ಅಧ್ಯಾಪಕನೆಂಬ ಕಾರಣದಿಂದ, ಇವುಗಳಿಗೆ ಜೋಡಿಸಲು ಎಂಥ ಡಿಸ್ಕ್ ಪ್ಲೇಯರನ್ನು ಕೊಳ್ಳಬೇಕೆಂದು ನನ್ನನ್ನು ಕೇಳುವವರುಂಟು. ಅವರಲ್ಲಿ ಹೆಚ್ಚಿನವರು ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ: ಬೆಲೆ ಹೆಚ್ಚಿದಷ್ಟೂ ಒಳ್ಳೆಯದು. ಈ ನಂಬಿಕೆಗೆ ಆಧಾರ ಸಾಲದು ಎಂಬುದು ನನ್ನ ಮತ. ಕೊಳ್ಳುವ ಮುನ್ನ ಮನೆಯ ಕಪಾಟಿನಲ್ಲಿರುವ ಡಿಸ್ಕುಗಳನ್ನೊಮ್ಮೆ ಹೊರಗೆ ತೆಗೆದು ನೋಡಬೇಕು.

ಅಲ್ಲಿ ಸಾಮಾನ್ಯವಾಗಿ ಕಾಣುವುದೇನು? ಭಕ್ತಿಗೀತೆ, ಜನಪದಗೀತೆಗಳ ಸಿ.ಡಿ.ಗಳು, ಮೋಸರ್ ಬೇರ್ ಸಂಸ್ಥೆಯವರು ಒಂದು ಕಾಲದಲ್ಲಿ ಅತಿ ಅಗ್ಗದ ಬೆಲೆಗೆ ಮಾರಿದಂಥ ಚಿತ್ರಗಳ ವಿ.ಸಿ.ಡಿ., ಡಿ.ವಿ.ಡಿ.ಗಳು. ಆ ಸಂಸ್ಥೆಯೇ 2018ರಲ್ಲಿ ಸಮಾಪ್ತಿಗೆ ಬಂದಿತು. ಕನ್ನಡ ಚಿತ್ರಗಳು ಬ್ಲೂ-ರೇ ಡಿಸ್ಕಿನಲ್ಲಿ ಹೊರಬಂದುದು ಬಹು ವಿರಳ. ಇವುಗಳ ನಡುವೆ, ಮದುವೆಯ ಛಾಯಾಗ್ರಾಹಕನು ಬರೆದುಕೊಟ್ಟ ಒಂದೆರಡು ಡಿ.ವಿ.ಡಿ.ಗಳೂ ಇದ್ದೇ ಇರುತ್ತವೆ. ಇವುಗಳ ವಿಚಾರಕ್ಕೆ ಮುಂದೆ ಬರುತ್ತೇನೆ.

ಈ ಎಲ್ಲ ಡಿಸ್ಕುಗಳೂ ನೋಟಕ್ಕೆ ಒಂದೇ. ವ್ಯಾಸ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಭೇದವಿರುವುದು ಅವುಗಳನ್ನು ಓದುವ ಬೆಳಕಿನಲ್ಲಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯನ್ನು 780 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಲೇಸರ್ ಕಿರಣ ಓದುತ್ತದೆ, 1996ರ ಡಿ.ವಿ.ಡಿ.ಗೆ 650 ನ್ಯಾನೊಮೀಟರಿನ ಕೆಂಪು ಕಿರಣ, 2006ರ ಬ್ಲೂ-ರೇಗೆ 405 ನ್ಯಾನೊಮೀಟರಿನ ನೀಲಿನೇರಳೆ ಕಿರಣ. ಎಷ್ಟೇ ಉತ್ತಮವಾದ ಮಸೂರವಾದರೂ ಬೆಳಕನ್ನು ಬಿಂದುಮಾತ್ರಕ್ಕೆ ಇಳಿಸಲಾರದು. ಅಲೆಯುದ್ದ ಕಡಿಮೆಯಾದಷ್ಟೂ ಚುಕ್ಕೆ ಸಣ್ಣದಾಗುತ್ತದೆ. ಸಿ.ಡಿ.ಯ ಚುಕ್ಕೆಯ ಅಡ್ಡಳತೆ ಸುಮಾರು 870 ನ್ಯಾನೊಮೀಟರ್, ಬ್ಲೂ-ರೇಯದು ಸುಮಾರು 240. ಸುರುಳಿಯ ಜಾಡುಗಳ ನಡುವಣ ಅಂತರ ಮೊದಲನೆಯದರಲ್ಲಿ 1.6 ಮೈಕ್ರಾನ್ ಇದ್ದುದು ಕೊನೆಯದರಲ್ಲಿ 0.32ಕ್ಕೆ ಇಳಿಯಿತು. ಸಿ.ಡಿ.ಯ ಸುಮಾರು 700 ಮೆಗಾಬೈಟಿನ ಸ್ಥಳದಲ್ಲಿ ಬ್ಲೂ-ರೇಯ ಒಂದೇ ಪದರದಲ್ಲಿ 25 ಗಿಗಾಬೈಟ್ ಹಿಡಿಯುವುದಕ್ಕೆ ಮುಖ್ಯವಾದ ಕಾರಣವಿದೇ.

ಇದರಿಂದ ಕೊಳ್ಳುವವರಿಗೆ ತಿಳಿಯಬೇಕಾದ ಒಂದು ಸಂಗತಿಯುಂಟು. ನೀಲಿ ಕಿರಣದ ಯಂತ್ರವನ್ನು ತಂದೊಡನೆ ಹಳೆಯ ಡಿಸ್ಕು ಹೆಚ್ಚು ಸ್ಫುಟವಾಗಿ ಕಾಣುತ್ತದೆಯೆಂದು ಭಾವಿಸಬಾರದು; ಡಿ.ವಿ.ಡಿ.ಯನ್ನು ಓದುವಾಗ ಅದೂ ತನ್ನೊಳಗಿನ ಕೆಂಪು ಕಿರಣವನ್ನೇ ಉಪಯೋಗಿಸುತ್ತದೆ. ಇನ್ನು, ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಪದರ ಕೆಂಪು ಬೆಳಕನ್ನು ಸರಿಯಾಗಿ ಪ್ರತಿಫಲಿಸದು. ಆದುದರಿಂದಲೇ ಒಂದೇ ಲೇಸರ್ ಇದ್ದ ಮೊದಮೊದಲಿನ ಡಿ.ವಿ.ಡಿ. ಯಂತ್ರಗಳು ಅವುಗಳ ಮುಂದೆ ಸೋತವು. ಇಂದಿಗೂ ಕೆಲವು ಬ್ಲೂ-ರೇ ಯಂತ್ರಗಳು ವಿ.ಸಿ.ಡಿ.ಯನ್ನು ನಡೆಸುವುದಿಲ್ಲ. ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಿ ಕೂರದೆ, ಮನೆಯ ನಾಲ್ಕಾರು ಡಿಸ್ಕುಗಳನ್ನು ಅಂಗಡಿಗೇ ಒಯ್ದು, ಅಲ್ಲಿಯೇ ಹಾಕಿಸಿ ನೋಡುವುದು ಮೇಲು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬೆಲೆಯ ಹೆಚ್ಚಳಕ್ಕೆ ವ್ಯಾಪಾರಿಗಳು ಕೊಡುವ ಕಾರಣಗಳಲ್ಲಿ, ಯಂತ್ರವು ಹಳೆಯ ಚಿತ್ರವನ್ನು ‘4ಕೆ’ ಮಾಡುತ್ತದೆ ಎಂಬುದು ಮುಖ್ಯವಾದುದು. ಲೆಕ್ಕವನ್ನು ನೋಡೋಣ. ವಿ.ಸಿ.ಡಿ.ಯ ಒಂದು ಚಿತ್ರದಲ್ಲಿ 352×288, ಎಂದರೆ 1,01,376 ಚುಕ್ಕೆಗಳಿವೆ. 4ಕೆ ಟೆಲಿವಿಷನ್ನಿನಲ್ಲಿ ಇರುವುದು 82,94,400. ಡಿಸ್ಕಿನ ಒಂದೊಂದು ಚುಕ್ಕೆಯೂ ತೆರೆಯ ಮೇಲೆ ಸುಮಾರು ಎಂಬತ್ತೆರಡು ಚುಕ್ಕೆಗಳ ಜಾಗವನ್ನು ತುಂಬಬೇಕು! ಡಿ.ವಿ.ಡಿ.ಯದಾದರೆ ಇಪ್ಪತ್ತು. ಅಂಚುಗಳನ್ನು ನಯಗೊಳಿಸುವುದು ಗಣಿತಕ್ಕೆ ಸಾಧ್ಯ. ಮುದ್ರಣದಲ್ಲಿ ಇಲ್ಲದ ವಿವರವನ್ನು ಸಿನಿಮಾದಿಂದ ಮರಳಿ ತರುವುದು ಸಾಧ್ಯವಿಲ್ಲ. ನಯಗೊಳಿಸುವ ಆ ಕೆಲಸವನ್ನಾದರೂ ಟೆಲಿವಿಷನ್ನು ತಾನೇ ಮಾಡಿಕೊಳ್ಳುತ್ತದೆ. ಧ್ವನಿಯ ಮಾತೂ ಹಾಗೆಯೇ. 1972ರ ‘ಬಂಗಾರದ ಮನುಷ್ಯ’ದ ಧ್ವನಿ ಒಂದೇ ಪಥದಲ್ಲಿ ಮುದ್ರಿತವಾದುದು, ಐದು ದಿಕ್ಕಿನಲ್ಲಿ ಪೆಟ್ಟಿಗೆಗಳನ್ನಿಟ್ಟರೂ ರಾಜಕುಮಾರ್ ಅವರ ದನಿ ಎದುರಿನಿಂದ ಬಂದರೇ ಚೆಂದ.

ಎಚ್.ಡಿ.ಎಂ.ಐ. ತಂತಿಯಲ್ಲಿ ಹರಿಯುವುದು ಸೊನ್ನೆ ಒಂದುಗಳ ಸಾಲು. ಡಿಸ್ಕಿನ ಮೇಲಿನ ಸಣ್ಣಪುಟ್ಟ ಗೀರುಗಳನ್ನು, ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು 1960ರಲ್ಲಿ ಪ್ರಕಟಿಸಿದ ಗಣಿತ ಸರಿಪಡಿಸುತ್ತದೆ, ಸಿ.ಡಿ.ಯಲ್ಲಿ ಜಾಡಿನ ಉದ್ದಕ್ಕೂ ಸುಮಾರು 2.5 ಮಿಲಿಮೀಟರಿನಷ್ಟು ಅಳಿದುಹೋದರೂ ಮೂಲ ಅಂಕಗಳು ಹಾಗೆಯೇ ಮರಳಿ ದೊರೆಯುತ್ತವೆ. ಹೀಗಿರುವಾಗ, ಐದು ಸಾವಿರದ ಯಂತ್ರ ಕಳುಹಿಸುವ ಅಂಕಗಳಿಗೂ ಐವತ್ತು ಸಾವಿರದ ಯಂತ್ರ ಕಳುಹಿಸುವ ಅಂಕಗಳಿಗೂ ಅಂತರವೆಲ್ಲಿ? ಹಣವಿದ್ದವರು ಅದನ್ನು ಒಳ್ಳೆಯ ಧ್ವನಿಪೆಟ್ಟಿಗೆಗಳಿಗೂ, ಸಿಮೆಂಟಿನ ಬರಿಗೋಡೆಗಳ ಮರುದನಿಯನ್ನು ಅಡಗಿಸುವ ದಪ್ಪ ಪರದೆಗಳಿಗೂ ವೆಚ್ಚಮಾಡಲಿ. ಯಂತ್ರದಲ್ಲಿ ನೋಡಬೇಕಾದುದು ಒರಟು ಗುಣಗಳು: ವಿದ್ಯುತ್ತಿನ ಏರಿಳಿತವನ್ನು ತಾಳಬೇಕು, ಕೆಂಪು ಮಣ್ಣಿನ ಧೂಳು ಒಳನುಗ್ಗದಂತೆ ತಟ್ಟೆ ಭದ್ರವಾಗಿ ಮುಚ್ಚಬೇಕು, ಹತ್ತಿರದಲ್ಲಿ ರಿಪೇರಿಯಾಗಬೇಕು. ಹೊರನಾಡಿನ ಬಂಧುಗಳು ಡಿಸ್ಕುಗಳನ್ನು ತರುವುದಾದರೆ ವಲಯದ ಸಂಖ್ಯೆಯನ್ನೂ ಗಮನಿಸಬೇಕು. ಡಿ.ವಿ.ಡಿ.ಯಲ್ಲಿ ಭಾರತದ್ದು 5, ಅಮೆರಿಕದ್ದು 1.

ಆದುದರಿಂದ, ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಸಾದಾ ಡಿ.ವಿ.ಡಿ. ಪ್ಲೇಯರೇ ಸಾಕು. ಬ್ಲೂ-ರೇ ಡಿಸ್ಕುಗಳನ್ನು ನಿಜವಾಗಿಯೂ ಕೊಳ್ಳುವವರು ಮಾತ್ರ ಆ ಯಂತ್ರವನ್ನು ಕೊಳ್ಳಲಿ. ಅಂಥವರಿಗೆ ಅದರ ಸ್ಫುಟತೆ ಕೊಟ್ಟ ಹಣಕ್ಕೆ ಮೋಸವಲ್ಲ. ಅಂತರ್ಜಾಲದಲ್ಲಿ ಎಲ್ಲವೂ ಸಿಗುವಾಗ ಇದೆಲ್ಲ ಏತಕ್ಕೆಂದು ಕೆಲವರು ಕೇಳಬಹುದು. ಸಿನಿಮಾದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಮದುವೆಯ ಡಿಸ್ಕಿನ ಮಟ್ಟಿಗೆ ಇಲ್ಲ. ಹಸೆಯ ಮುಂದೆ ಸೋಬಾನೆ ಹೇಳಿದ ಅಜ್ಜಿಯ ದನಿ ಎಷ್ಟೋ ಮನೆಗಳಲ್ಲಿ ಉಳಿದಿರುವುದು ಅದೊಂದರಲ್ಲಿಯೇ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ಪ್ಲಾಸ್ಟಿಕ್ಕಿನ ಮೇಲೆಯೇ ಕುಳಿಗಳು ಮೂಡಿರುತ್ತವೆ. ಸ್ಟುಡಿಯೋದಲ್ಲಿ ಬರೆದುದರಲ್ಲಿ ಇರುವುದು ಲೇಸರಿನಿಂದ ಸುಟ್ಟ ಬಣ್ಣದ ಗುರುತುಗಳು ಮಾತ್ರ. ಬಿಸಿಲು, ಸೆಕೆ, ತೇವಗಳಿಗೆ ಆ ಬಣ್ಣ ಮಾಸುತ್ತದೆ. ಇತ್ತ ಯಂತ್ರಗಳೂ ವಿರಳವಾಗುತ್ತಿವೆ: ಆಪ್ಪೊ ಸಂಸ್ಥೆ ಪ್ಲೇಯರುಗಳ ತಯಾರಿಕೆಯನ್ನು 2018ರಲ್ಲಿಯೇ ಕೈಬಿಟ್ಟಿತು, ಮರುವರ್ಷ ಸ್ಯಾಮ್‌ಸಂಗ್ ಸಹ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರುಗಳನ್ನು ತರುವುದಿಲ್ಲವೆಂದು ತಿಳಿಸಿತು.

ಹೊಸ ಪ್ಲೇಯರು ಮನೆಗೆ ಬಂದ ದಿನ ಮೊದಲು ಹಾಕಬೇಕಾದುದು ಆ ಡಿಸ್ಕನ್ನು. ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿರಿ. ಸುತ್ತಲೂ ಉಜ್ಜಿದರೆ ಗೀರು ಜಾಡಿನ ಉದ್ದಕ್ಕೂ ಬಿದ್ದು ಓದುವುದೇ ಕಷ್ಟವಾಗುತ್ತದೆ. ಚಿತ್ರ ಅಲ್ಲಲ್ಲಿ ತಡವರಿಸಿದರೂ ಕೈಬಿಡದೆ, ಡಿ.ವಿ.ಡಿ. ಓದುವ ಕಂಪ್ಯೂಟರು ಯಾರಲ್ಲಿದೆಯೆಂದು ವಿಚಾರಿಸಿ, ಎರಡು ಬೇರೆ ಬೇರೆ ಕಡೆಗಳಿಗೆ ಪ್ರತಿ ಮಾಡಿಸಿಡಿರಿ. ಬಣ್ಣ ಇನ್ನಷ್ಟು ಮಾಸಿದರೆ ಆ ಕೆಲಸವನ್ನು ಯಾವ ಬೆಲೆಯ ಯಂತ್ರವೂ ಮಾಡಿಕೊಡಲಾರದು.