ದೀಪಕ್ಕೊಂದು ಟೋಪಿ

ಮಕ್ಕಳೇ, ಹೋದ ವಾರ ರಾತ್ರಿ ಊಟ ಮುಗಿಸಿ ದೊಡ್ಡಆಲಹಳ್ಳಿಯ ನಮ್ಮ ಮನೆ ಜಗಲಿಯ ಮೇಲೆ ಕೂತಿದ್ದೆ. ಐದನೇ ತರಗತಿಯ ಮೊಮ್ಮಗಳು ಬಂದು ಕೇಳಿದಳು: "ತಾತ, ದೊಡ್ಡ ದೊಡ್ಡ ದೂರದರ್ಶಕಗಳನ್ನು ಮರುಭೂಮಿಯಲ್ಲೇ ಯಾಕೆ ಕಟ್ತಾರೆ? ನಮ್ಮೂರ ಗುಡ್ಡದ ಮೇಲೆ ಕಟ್ಟಿದ್ರೆ ಆಗಲ್ವಾ?"

ಬಕೆಟ್ ನೀರಿಗೆ ಒಂದು ನಾಣ್ಯ ಹಾಕಿ ಕಲಕು ಎಂದೆ. ತಳದಲ್ಲಿದ್ದ ನಾಣ್ಯ ಕುಣಿದಂತೆ ಕಂಡಿತು. ನಮ್ಮ ತಲೆಯ ಮೇಲಿನ ಗಾಳಿಯೂ ಹೀಗೇ ಅಲುಗುತ್ತದೆ. ನಕ್ಷತ್ರ ಮಿನುಗುವುದು ಅದರಿಂದಲೇ. ಹಾಗಾಗಿ ಗಾಳಿ ತೆಳುವಾಗಿ, ಒಣಗಿ, ಮೋಡ ಕಡಿಮೆಯಿರುವ ಎತ್ತರದ ಜಾಗ ಬೇಕು.

ಲಡಾಖಿನ ಹಾನ್ಲೆ ಅಂಥ ಜಾಗ. ಅದು ಚಳಿಯ ಮರುಭೂಮಿ. ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು 2 ಮೀಟರ್ ಅಗಲದ ಕನ್ನಡಿಯಿರುವ ದೂರದರ್ಶಕ ನಿಲ್ಲಿಸಿದರು. 2000ದ ಸೆಪ್ಟೆಂಬರಿನಲ್ಲಿ ಅದು ಮೊದಲ ಸಲ ಆಕಾಶ ನೋಡಿತು. ವಿಜ್ಞಾನಿ ಚಂದ್ರಶೇಖರ್ ನೆನಪಿಗೆ ಅದರ ಹೆಸರು ಹಿಮಾಲಯನ್ ಚಂದ್ರ ದೂರದರ್ಶಕ.

ಅಷ್ಟು ಎತ್ತರದಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು. ಆದ್ದರಿಂದ ವಿಜ್ಞಾನಿಗಳು ಕೂರುವುದು ನಮ್ಮ ಹೊಸಕೋಟೆಯಲ್ಲಿ! ಅಲ್ಲಿಂದ ಉಪಗ್ರಹದ ಮೂಲಕ ಅಪ್ಪಣೆ ಹೋಗುತ್ತದೆ, ಹಾನ್ಲೆಯ ಕನ್ನಡಿ ತಿರುಗುತ್ತದೆ.

ಇನ್ನೂ ದೊಡ್ಡದು ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಏಳುತ್ತಿದೆ. ಅದರ ಕನ್ನಡಿ 39 ಮೀಟರ್ ಅಗಲ. ಒಂದೇ ಗಾಜಲ್ಲ, 798 ತುಂಡುಗಳ ಜೋಡಣೆ.

"ಅಲ್ಲಿ ಜನಾನೇ ಇಲ್ವಾ?" ಎಂದಳು.

ಹಾನ್ಲೆಯಲ್ಲಿದ್ದಾರೆ. 2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ಊರಿನವರು ರಾತ್ರಿ ಕಿಟಕಿಗೆ ದಪ್ಪ ಪರದೆ ಎಳೆಯುತ್ತಾರೆ, ದೀಪದ ಬೆಳಕು ಮೇಲಕ್ಕೆ ಹೋಗದಂತೆ ಮರೆ ಕಟ್ಟುತ್ತಾರೆ. ಅವರು ಕತ್ತಲು ಕಾಯದಿದ್ದರೆ ಅಷ್ಟು ದೊಡ್ಡ ಕನ್ನಡಿಯೂ ಕುರುಡು.

ನನ್ನ ಮಾತು ನನಗೇ ಚುಚ್ಚಿತು. ನನ್ನಪ್ಪ ಕಣದಲ್ಲಿ ರಾಗಿ ರಾಶಿ ಕಾಯುತ್ತ, ಕೃತ್ತಿಕೆ ಎಲ್ಲಿಗೆ ಬಂತೆಂದು ನೋಡಿ ಹೊತ್ತು ಹೇಳುತ್ತಿದ್ದರು. ಮೊಮ್ಮಗಳು ಕೃತ್ತಿಕೆಯನ್ನು ನೋಡಿಯೇ ಇಲ್ಲ. ಅಂಗಳಕ್ಕೆ ಕಣ್ಣು ಕುಕ್ಕುವ ದೀಪ ಹಾಕಿಸಿದವನು ನಾನೇ. ಹಾಗಂತ ತೆಗೆಯುವಂತೆಯೂ ಇಲ್ಲ. ನಮ್ಮ ಕಡೆ ಹಾವಿನ ಭಯ, ಆನೆಯ ಭಯ ಎರಡೂ ಉಂಟು.

ಮರುದಿನ ಹಳೇ ಎಣ್ಣೆ ಡಬ್ಬ ಕತ್ತರಿಸಿ ದೀಪಕ್ಕೊಂದು ಟೋಪಿ ಮಾಡಿದೆವು. ಈಗ ಬೆಳಕು ನೆಲಕ್ಕಷ್ಟೇ ಬೀಳುತ್ತದೆ. ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದೆವು. ಕೃತ್ತಿಕೆ ಮೂಡಿದಾಗ ಆಪರೇಷನ್ ಆದ ನನ್ನ ಕಣ್ಣಿಗೆ ನಾಲ್ಕು ಚುಕ್ಕಿ ಕಂಡವು. ಅವಳು ಆರು ಎಣಿಸಿದಳು.

ನಿಮ್ಮ ಮನೆಯ ದೀಪಕ್ಕೂ ಟೋಪಿ ಇದೆಯೇ? ಎಷ್ಟು ಎಣಿಸಿದಿರಿ, ಬರೆದು ತಿಳಿಸಿ.